ಚಿತ್ರದೊಳಗಿನ ಲೋಕಕ್ಕೆ ಗೊಂಬೆಗಳ ದಾರಿ

(ದೋಣಿಮಲೈಯಲ್ಲಿ ಮಕ್ಕಳ ಗೊಂಬೆಯಾಟದ ಸಿದ್ಧತೆಗಾಗಿ ಸೇರಿದ್ದ ಪಾಲಕರ ಹಾಗೂ ಶಿಕ್ಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶತಮಾನೋತ್ಸವದ ಅಂಗವಾಗಿ ಮಕ್ಕಳಿಂದ ಒಂದು ಗೊಂಬೆಯಾಟವನ್ನು ಆಡಿಸಬೇಕೆಂದೂ, ಅದರ ಕಥೆಯು ಪ್ರಸಿದ್ಧ ವರ್ಣಚಿತ್ರಗಳ ಒಳಗೆಯೇ ನಡೆಯಬೇಕೆಂದೂ ನೀವು ನಿಶ್ಚಯಿಸಿದ್ದೀರಿ. ಈ ನಿಶ್ಚಯದ ಬೆನ್ನಲ್ಲೇ ಮೂರು ಸಂದೇಹಗಳು ಹುಟ್ಟಿವೆ ಎಂಬುದನ್ನೂ ಕೇಳಿದ್ದೇನೆ. ಯಾವ ದೇಶದ ಚಿತ್ರಗಳನ್ನು ಆರಿಸಿಕೊಳ್ಳಬೇಕು ಎಂಬುದು ಮೊದಲನೆಯದು. ಹಂಪೆಯ ದೇವಾಲಯದ ಚಿತ್ರಗಳನ್ನು ನಮ್ಮ ಧರ್ಮಕೇಂದ್ರದ ಮಕ್ಕಳ ಆಟದಲ್ಲಿ ಬಳಸುವುದು ಉಚಿತವೇ ಎಂಬುದು ಎರಡನೆಯದು. ಮಕ್ಕಳಿಗೆ ಬೇಕಾದ ಗೊಂಬೆಗಳೂ ಕಥೆಗಳೂ ಅಂಗಡಿಯಲ್ಲಿ, ಕೈಯೊಳಗಿನ ಫೋನಿನಲ್ಲಿ ಸಿದ್ಧವಾಗಿ ದೊರೆಯುವಾಗ ಇಷ್ಟೊಂದು ಶ್ರಮ ಏತಕ್ಕೆ ಎಂಬುದು ಮೂರನೆಯದು. ಮೂರೂ ನ್ಯಾಯವಾದ ಪ್ರಶ್ನೆಗಳೇ. ಇವುಗಳಿಗೆ ಉತ್ತರ ಹೇಳುವ ಮೊದಲು, ಚಿತ್ರದೊಳಗೆ ಒಂದು ಲೋಕವನ್ನು ಕಟ್ಟುವುದೆಂದರೇನು ಎಂಬುದನ್ನು ವಿಚಾರ ಮಾಡೋಣ.

ಇದು ನಮಗೆ ಸಂಪೂರ್ಣ ಹೊಸದಾದ ಕೆಲಸವೇನಲ್ಲ. ಪ್ರತಿ ಡಿಸೆಂಬರ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಮಕ್ಕಳು ಗೋದಲಿಯನ್ನು ಕಟ್ಟುತ್ತಾರೆ. ಕಾಗದವನ್ನು ಮುದುಡಿ ಬೆಟ್ಟ ಮಾಡುತ್ತಾರೆ. ಕನ್ನಡಿಯ ಚೂರನ್ನಿಟ್ಟು ಕೆರೆ ಎನ್ನುತ್ತಾರೆ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಎತ್ತು, ಕತ್ತೆ, ಹುಲ್ಲುಗಳನ್ನಿರಿಸಿ ಗೋದಲಿಯ ದೃಶ್ಯವನ್ನು ಜನರ ಕಣ್ಣೆದುರಿಗೆ ತಂದರು. ಅಲ್ಲಿಯವರೆಗೆ ಜನರು ದೂರದಿಂದ ಕೇಳಿ, ನೋಡಿ ತಿಳಿಯುತ್ತಿದ್ದ ದೃಶ್ಯದೊಳಗೆ ಅವರೇ ಕಾಲಿಟ್ಟರು. ಸೂತ್ರದ ಗೊಂಬೆಗೆ ಪಶ್ಚಿಮದವರು ಇಟ್ಟ ‘ಮಾರಿಯೋನೆಟ್’ ಎಂಬ ಹೆಸರು ‘ಪುಟ್ಟ ಮರಿಯ’ ಎಂಬುದರಿಂದ ಬಂದಿತೆಂಬ ಅಭಿಪ್ರಾಯವೂ ಉಂಟು. ಆದ್ದರಿಂದ ಚಿತ್ರದೊಳಗೆ ಹೊಗುವ ವಿದ್ಯೆಯ ಮೊದಲ ಪಾಠ ನಮ್ಮ ಮಕ್ಕಳಿಗೆ ಆಗಿದೆ ಎಂದೇ ತಿಳಿಯಬಹುದು. ಗೋದಲಿಯನ್ನು ಕಟ್ಟುವ ಮಗುವನ್ನು ಗಮನಿಸಿ ನೋಡಿ. ಅದು ನಡುವಿನ ಶಿಶುವನ್ನು ಅಲುಗಿಸುವುದಿಲ್ಲ. ಅಂಚಿನಲ್ಲಿರುವ ಕುರಿಗಳನ್ನು ದಿನಕ್ಕೊಂದು ಅಂಗುಲ ಮುಂದಕ್ಕೆ ಸರಿಸುತ್ತದೆ. ನಮ್ಮ ಗೊಂಬೆಯಾಟದ ಮುಖ್ಯ ಸೂತ್ರವೆಲ್ಲ ಈ ಒಂದು ಕ್ರಿಯೆಯಲ್ಲಿ ಅಡಗಿದೆ.

ಒಂದು ಒಳ್ಳೆಯ ಚಿತ್ರವೆಂದರೆ ಒಂದು ನಾಡಿದ್ದಂತೆ. ಅದಕ್ಕೆ ತನ್ನದೇ ಆದ ಗಡಿಯಿದೆ, ಬೆಳಕಿದೆ, ಕಾನೂನಿದೆ. ಆ ಕಾನೂನನ್ನು ಅರಿಯದೆ ಒಳಹೊಕ್ಕು ನಮಗೆ ತೋಚಿದ್ದನ್ನೆಲ್ಲ ತುಂಬಿದರೆ ಅಲ್ಲಿ ನಮ್ಮ ಗದ್ದಲ ಮಾತ್ರ ಉಳಿಯುತ್ತದೆ, ಚಿತ್ರ ಮಾಯವಾಗುತ್ತದೆ. ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಪೀಟರ್ ಬ್ರೂಗೆಲ್ ಎಂಬ ಚಿತ್ರಕಾರನು 1560ರಲ್ಲಿ ರಚಿಸಿದ ‘ಮಕ್ಕಳ ಆಟಗಳು’ ಎಂಬ ಚಿತ್ರ ಇಂದು ವಿಯೆನ್ನಾ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತಕ್ಕೂ ಹೆಚ್ಚು ಆಟಗಳು. ಒಬ್ಬನು ಗಾಲಿ ಉರುಳಿಸುತ್ತಾನೆ, ಒಬ್ಬನು ಮರಗಾಲು ಕಟ್ಟಿ ನಡೆಯುತ್ತಾನೆ, ಮೂಳೆಯ ತುಂಡುಗಳನ್ನು ಹಿಡಿದು ಇಬ್ಬರು ಹುಡುಗಿಯರು ನಮ್ಮ ಕಲ್ಲಾಟದಂಥ ಆಟವನ್ನೇ ಆಡುತ್ತಾರೆ. ಚಿತ್ರಕಾರನು ಎಲ್ಲವನ್ನೂ ಎತ್ತರದ ಮಹಡಿಯಿಂದ ಬಗ್ಗಿ ನೋಡಿದಂತೆ ಬರೆದಿದ್ದಾನೆ. ಆ ಊರನ್ನು ರಂಗಕ್ಕೆ ತರುವವರು ಗೊಂಬೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಊರೇ ಕುಸಿದುಬೀಳುತ್ತದೆ. ನೆಲವನ್ನು ಹಿಂದಕ್ಕೆ ಏರುವಂತೆ ಇಳಿಜಾರಾಗಿ ಕಟ್ಟಬೇಕು. ಹಿಂದಿನ ಗೊಂಬೆಗಳನ್ನು ಚಿಕ್ಕದಾಗಿ ಮಾಡಬೇಕು. ಅದು ಆ ನಾಡಿನ ಕಾನೂನು. ಜಪಾನಿನ ಹೊಕುಸಾಯ್ ಸುಮಾರು 1831ರಲ್ಲಿ ರಚಿಸಿದ ಮಹಾ ಅಲೆಯ ಚಿತ್ರದಲ್ಲಿ ಕಡಲು ಆಕಾಶದೆತ್ತರ ಎದ್ದಿದೆ, ಫ್ಯೂಜಿ ಪರ್ವತ ಅಂಗೈಯಷ್ಟಾಗಿದೆ. ನೋಡುವವರ ಕಣ್ಣೆಲ್ಲ ಅಲೆಯ ಮೇಲೆ. ಆದರೆ ಅಲೆಯ ಕೆಳಗೆ ಮೂರು ದೋಣಿಗಳಿವೆ, ಅವುಗಳಲ್ಲಿ ಹುಟ್ಟುಗಾರರು ಬಾಗಿ ಕುಳಿತಿದ್ದಾರೆ. ಅವರು ದಡ ಸೇರಿದರೇ ಎಂಬ ಪ್ರಶ್ನೆಯನ್ನು ಮೊದಲು ಕೇಳುವುದು ಮಗು. ಆ ಪ್ರಶ್ನೆಯೇ ಕಥೆಯ ಬಾಗಿಲು. ಚಿತ್ರಕಾರನು ಎಲ್ಲಿ ಮೌನವಾಗಿದ್ದಾನೋ ಅಲ್ಲಿ ನಮ್ಮ ಕೆಲಸ ಆರಂಭವಾಗುತ್ತದೆ.

ನಮ್ಮ ಕರ್ನಾಟಕದ ಕಥೋಲಿಕರಿಗೆ ಹತ್ತಿರವಾದ ಇನ್ನೊಂದು ಚಿತ್ರಲೋಕವಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡಿದವರು ಈ ಸಭೆಯಲ್ಲಿಯೂ ಇರಬಹುದು. ಇಟಲಿಯ ಬೆರ್ಗಮೋ ನಗರದ ಬಳಿಯ ಸ್ಟೆಜ್ಜಾನೋ ಎಂಬಲ್ಲಿ 1854ರಲ್ಲಿ ಜನಿಸಿದ, ಯೇಸುಸಭೆಯ ಸಹೋದರ ಅಂತೋನಿಯೋ ಮೊಸ್ಕೇನಿ ಅವರು 1899ರಿಂದ 1901ರವರೆಗೆ ಅದರ ಗೋಡೆಗಳನ್ನೂ ಛಾವಣಿಯನ್ನೂ ಚಿತ್ರಗಳಿಂದ ತುಂಬಿದರು. 1905ರಲ್ಲಿ ಅವರು ಕೊಚ್ಚಿಯಲ್ಲಿ ತೀರಿಕೊಂಡರು. ಚಪ್ಪಟೆಯಾದ ಗೋಡೆಯ ಮೇಲೆ ಕಂಬಗಳೂ ಕಟ್ಟುಗಳೂ ನಿಜವಾಗಿ ಎದ್ದುನಿಂತಿವೆಯೋ ಎಂಬ ಭ್ರಮೆಯನ್ನು ಹುಟ್ಟಿಸುವುದು ಅವರ ಕೈಚಳಕ. ಛಾವಣಿಯಲ್ಲಿ ಸಂತ ಅಲೋಶಿಯಸರ ಜೀವನಕಥೆ ಇದೆ. ರೋಮ್ ನಗರದಲ್ಲಿ ಪ್ಲೇಗು ಹಬ್ಬಿದಾಗ ರೋಗಿಗಳ ಸೇವೆಗೆ ನಿಂತು, 1591ರಲ್ಲಿ, ಕೇವಲ 23ನೆಯ ವಯಸ್ಸಿನಲ್ಲಿ ಪ್ರಾಣ ಬಿಟ್ಟ ಆ ತರುಣನ ಕಥೆಯಲ್ಲಿ ಗೊಂಬೆಯಾಡಿಸುವವರು ಯಾರನ್ನು ಆಡಿಸಬೇಕು? ಸಂತರನ್ನೇ ಕುಣಿಸುವುದು ನನಗೆ ಒಪ್ಪಿಗೆಯಿಲ್ಲ. ನೀರು ಹೊತ್ತು ತರುವವನೊಬ್ಬ, ಬಾಗಿಲಲ್ಲಿ ಅಳುಕುತ್ತ ನಿಂತವನೊಬ್ಬ, ಇಂಥವರನ್ನು ಕಲ್ಪಿಸಿ ಆಡಿಸಬೇಕು. ಸಂತರು ಚಿತ್ರದಲ್ಲಿ ಸ್ಥಿರವಾಗಿರಲಿ. ಅವರನ್ನು ನೋಡಿದವನ ಮನಸ್ಸು ಹೇಗೆ ಬದಲಾಯಿತೆಂಬುದು ಆಟವಾಗಲಿ.

ಈಗ ಮೊದಲನೆಯ ಪ್ರಶ್ನೆಗೆ ಬರುತ್ತೇನೆ. ವಿಯೆನ್ನಾ, ಜಪಾನುಗಳ ಚಿತ್ರಗಳನ್ನು ನಮ್ಮ ಮಕ್ಕಳು ಪುಸ್ತಕದಲ್ಲಿ ನೋಡಬಲ್ಲರು, ನೋಡಲಿ. ಆದರೆ ಗೊಂಬೆಯಾಟಕ್ಕೆ ಆರಿಸುವ ಚಿತ್ರವನ್ನು ಮಕ್ಕಳು ತಮ್ಮ ಕಣ್ಣಿನಿಂದ, ಅದು ಇರುವ ಸ್ಥಳದಲ್ಲಿಯೇ, ಕತ್ತು ನೋಯುವವರೆಗೆ ನೋಡಿರಬೇಕು. ದೋಣಿಮಲೈಯಿಂದ ಸಂಡೂರು, ಹೊಸಪೇಟೆಗಳ ಮೇಲೆ ಹಾದು ಹಂಪೆಯನ್ನು ಸೇರಿ, ಅದೇ ದಿನ ಮರಳಿ ಬರಬಹುದು. ಅಲ್ಲಿ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ನಿಂತು ತಲೆಯೆತ್ತಿದರೆ ಕಾಣುವುದು ನಾಡಿನ ಹೆಸರಾಂತ ಛಾವಣಿಚಿತ್ರಗಳಲ್ಲಿ ಒಂದು. ಆ ಮಂಟಪವನ್ನು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದನೆಂದು 1510ರ ಶಾಸನ ಹೇಳುತ್ತದೆ. ಚಿತ್ರಗಳು ವಿಜಯನಗರದ ಕಾಲದವೆಂದು ಕೆಲವು ವಿದ್ವಾಂಸರೂ, ಬಹುಕಾಲದ ಅನಂತರದ ಜೀರ್ಣೋದ್ಧಾರದಲ್ಲಿ ಬರೆದವೆಂದು ಇನ್ನು ಕೆಲವರೂ ವಾದಿಸುತ್ತಾರೆ. ಅವುಗಳಲ್ಲಿ ಗಿರಿಜಾಕಲ್ಯಾಣವಿದೆ, ತ್ರಿಪುರ ಸಂಹಾರವಿದೆ, ತಪಸ್ಸಿನಲ್ಲಿ ಕುಳಿತ ಶಿವನಿಗೆ ಮನ್ಮಥನು ಬಾಣ ಹೂಡುವ ದೃಶ್ಯವಿದೆ, ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸುವ ದೃಶ್ಯವಿದೆ, ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಕುಳಿತು ಸಾಗುವ ಮೆರವಣಿಗೆಯಿದೆ. ಅದೇ ದೇವಾಲಯದ ಹಿಂಭಾಗದಲ್ಲಿ, ಸಣ್ಣದೊಂದು ಕಿಂಡಿಯಿಂದ ಬರುವ ಬೆಳಕು ಹೊರಗಿನ ಮಹಾಗೋಪುರದ ನೆರಳನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಬೆಳಕು ನೇರವಾಗಿ ಸಾಗುವುದರಿಂದ ಗೋಪುರದ ತುದಿಯಿಂದ ಬಂದ ಕಿರಣ ಕೆಳಕ್ಕೂ, ಬುಡದಿಂದ ಬಂದ ಕಿರಣ ಮೇಲಕ್ಕೂ ಬೀಳುತ್ತದೆ. ವಿಜ್ಞಾನದ ಈ ಪಾಠವನ್ನೂ ನೆರಳಿನಾಟದ ಮೊದಲ ಪಾಠವನ್ನೂ ಮಕ್ಕಳು ಅಲ್ಲಿ ಒಟ್ಟಿಗೇ ಕಲಿಯಬಹುದು.

ಆ ಛಾವಣಿಯ ಲೋಕದ ಕಾನೂನುಗಳು ಬ್ರೂಗೆಲನ ಊರಿನ ಕಾನೂನುಗಳಲ್ಲ. ಅಲ್ಲಿ ನೆಲವು ಹಿಂದಕ್ಕೆ ಏರುವುದಿಲ್ಲ. ಜನರು ಸಾಲುಸಾಲಾಗಿ ಒಂದೇ ಗೆರೆಯ ಮೇಲೆ ನಡೆಯುತ್ತಾರೆ. ನಮ್ಮ ಭಿತ್ತಿಚಿತ್ರಗಳ ಪರಂಪರೆಯಲ್ಲಿ ಹಿರಿಯನಾದವನ ಆಕಾರ ದೊಡ್ಡದು, ಸೇವಕನ ಆಕಾರ ಚಿಕ್ಕದು. ಅದು ದೂರ ಸಮೀಪಗಳ ಲೆಕ್ಕವಲ್ಲ, ಗೌರವದ ಲೆಕ್ಕ. ಮುಖಗಳು ಬಹುಮಟ್ಟಿಗೆ ಪಕ್ಕದಿಂದ ಕಾಣುತ್ತವೆ. ಅಂದರೆ ಆ ಲೋಕದವರು ಪರಸ್ಪರ ನೋಡಿಕೊಳ್ಳುತ್ತಾರೆಯೇ ಹೊರತು ನಮ್ಮನ್ನು ನೋಡುವುದಿಲ್ಲ. ಈ ಲಕ್ಷಣಗಳನ್ನೆಲ್ಲ ಕೇಳುವಾಗ ನಿಮಗೆ ಇನ್ನೊಂದು ಕಲೆ ನೆನಪಾಗಿರಬೇಕು. ಅದೇ ನಮ್ಮ ತೊಗಲುಗೊಂಬೆಯಾಟ.

ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ಹದಿನಾರನೆಯ ಶತಮಾನದ ವಿಜಯನಗರದ ಚಿತ್ರಗಳಿವೆ. ಅವುಗಳಿಗೂ ತೊಗಲುಗೊಂಬೆಗಳಿಗೂ ಇರುವ ಹೋಲಿಕೆಯನ್ನು ಕಲಾವಿಮರ್ಶಕರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಮೇಕೆಯ ಅಥವಾ ಜಿಂಕೆಯ ಚರ್ಮವನ್ನು ಹದಮಾಡಿ, ಬೆಳಕು ತೂರುವಷ್ಟು ತೆಳುವಾಗಿಸಿ, ರಂಧ್ರಗಳಿಂದ ಒಡವೆ ವಸ್ತ್ರಗಳನ್ನು ಬಿಡಿಸಿ, ಬಣ್ಣ ತುಂಬಿ, ಬಿಳಿಯ ಪರದೆಯ ಹಿಂದೆ ದೀಪದ ಬೆಳಕಿನಲ್ಲಿ ಆಡಿಸುವ ಈ ಕಲೆಯನ್ನು ಕಿಳ್ಳೇಕ್ಯಾತ ಸಮುದಾಯದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಒಂದು ವಿಶೇಷವನ್ನು ಕಾಣಬಹುದು. ಒಂದೇ ತೊಗಲಿನಲ್ಲಿ ಅನೇಕ ಜನರನ್ನೂ, ಮರ, ಮಂಟಪ, ರಥಗಳನ್ನೂ ಸೇರಿಸಿ ಇಡಿಯ ದೃಶ್ಯವನ್ನೇ ಕೊರೆದಿರುತ್ತಾರೆ. ಅದು ಏಕಕಾಲಕ್ಕೆ ಗೊಂಬೆಯೂ ಹೌದು, ಚಿತ್ರವೂ ಹೌದು. ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು ಬೆಳೆಸಿದ ಎಂ. ಎಸ್. ನಂಜುಂಡರಾವ್ ಅವರು ಹಳ್ಳಿಹಳ್ಳಿಗಳನ್ನು ಸುತ್ತಿ ಇಂಥ ಗೊಂಬೆಗಳನ್ನು ಕಲೆಹಾಕಿ ರಕ್ಷಿಸಿದರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯವರ ಜೀವನವನ್ನೂ ಅದೇ ಪರದೆಗೆ ತಂದು, ಹಳೆಯ ಕಲೆಗೆ ಹೊಸ ಕಥೆ ಹೊಂದುತ್ತದೆಂಬುದನ್ನು ತೋರಿಸಿಕೊಟ್ಟರು. 2023ರಲ್ಲಿ ನಾವು ಅವರನ್ನು ಕಳೆದುಕೊಂಡೆವು. ಕೊಪ್ಪಳದ ಕಡೆಯ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ತಾಯಿಗೆ, ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ಬೆಂಗಳೂರಿನ ‘ಧಾತು’ ತಂಡದವರು ವಿಜಯನಗರದ ವೈಭವವನ್ನು ಸೂತ್ರದ ಗೊಂಬೆಗಳಲ್ಲಿ ಆಡಿ ತೋರಿಸಿದ್ದಾರೆ. ಹೀಗಿರುವಾಗ ಗುರುಗಳನ್ನು ಹುಡುಕಿಕೊಂಡು ನಾವು ಬಹುದೂರ ಹೋಗಬೇಕಾಗಿಲ್ಲ.

ಇನ್ನು ಆಟದ ಕಲ್ಪನೆಯನ್ನು ನಿಮ್ಮ ಮುಂದಿಡುತ್ತೇನೆ. ಕಥೆಗೆ ಒಬ್ಬ ಹುಡುಗಿ ಬೇಕು. ಅವಳು ಯಾವ ಚಿತ್ರದಲ್ಲಿಯೂ ಇಲ್ಲ. ಇಲ್ಲದಿರುವುದೇ ಅವಳ ದುಃಖ. ಛಾವಣಿಯ ಲೋಕದಲ್ಲಿ ತನಗೊಂದು ಜಾಗ ಬೇಕೆಂದು ಅವಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಅಲೆಯುತ್ತಾಳೆ. ದಾರಿ ತೋರಿಸುವವನು ತೊಗಲುಗೊಂಬೆಯಾಟದ ಹಾಸ್ಯಗಾರನಾದ ಕಿಳ್ಳೇಕ್ಯಾತ. ಅವನ ಮಾತಿಗೆ ಎದುರುಮಾತು ಕೊಡುವವಳು ಅವನ ಹೆಂಡತಿ ಬಂಗಾರಕ್ಕ. ಆಟದವರಲ್ಲಿ ನೋಡುವವರನ್ನು ನೇರವಾಗಿ ಮಾತನಾಡಿಸುವ ಅಧಿಕಾರ ಅವರಿಗೆ ಪರಂಪರೆಯಿಂದಲೇ ಬಂದಿದೆ.

ಹುಡುಗಿ ಮೊದಲು ಮೆರವಣಿಗೆಯೊಳಗೆ ಸೇರಲು ಹೋಗುತ್ತಾಳೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ನಡೆಯಬೇಕು, ಯಾರೂ ನಿಲ್ಲುವಂತಿಲ್ಲ. ಪಲ್ಲಕ್ಕಿ ಹೊತ್ತವನ ಹೆಗಲು ನೋಯುತ್ತದೆಯೇ ಎಂದು ಅವಳು ಕೇಳುತ್ತಾಳೆ. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ಒಂದು ಕ್ಷಣ ನಿಂತರೂ ಹಿಂದಿನ ಸಾಲೆಲ್ಲ ಅಸ್ತವ್ಯಸ್ತವಾಗುತ್ತದೆ. ಅಲ್ಲಿಂದ ಅವಳು ಮತ್ಸ್ಯಯಂತ್ರದ ಸಭೆಗೆ ಬರುತ್ತಾಳೆ. ಅಲ್ಲಿಯ ಕಾನೂನು ವಿಚಿತ್ರವಾದುದು: ಮೇಲಿರುವುದನ್ನು ಕಾಣಬೇಕಾದರೆ ಕೆಳಗೆ ನೀರನ್ನು ನೋಡಬೇಕು. ಅವಳು ತಲೆಯೆತ್ತಿದರೆ ಏನೂ ಕಾಣದು. ತಲೆ ತಗ್ಗಿಸಿದರೆ ಇಡೀ ಆಕಾಶ ನೀರಿನಲ್ಲಿದೆ. ಮೂರನೆಯದಾಗಿ ತಪಸ್ಸಿನ ಚಿತ್ರ. ಅಲ್ಲಿ ಸದ್ದು ಮಾಡುವಂತಿಲ್ಲ. ಈ ದೃಶ್ಯದಲ್ಲಿ ವಾದ್ಯವೂ ಬೇಡ, ಮಾತೂ ಬೇಡ; ಮಕ್ಕಳ ಆಟದಲ್ಲಿ ಎರಡು ನಿಮಿಷದ ಮೌನವನ್ನು ನಿಭಾಯಿಸಿದರೆ ಅದಕ್ಕಿಂತ ದೊಡ್ಡ ಸಾಧನೆ ಬೇರೊಂದಿಲ್ಲ. ಕಡೆಗೆ ಕಲ್ಯಾಣದ ಮಂಟಪ. ಮದುವೆಯ ಮನೆಯಲ್ಲಿ ಕೆಲಸವಿಲ್ಲದವರು ಯಾರು? ಅಲ್ಲಿ ದೀಪ ಹಿಡಿಯಲು ಒಬ್ಬರು ಕಡಿಮೆಯಾಗಿದ್ದಾರೆ. ಹುಡುಗಿ ಆ ದೀಪವನ್ನು ಹಿಡಿಯುತ್ತಾಳೆ. ಜಾಗವನ್ನು ಬೇಡಿಕೊಂಡಾಗಲೆಲ್ಲ ದೊರೆಯದಿದ್ದುದು, ಕೆಲಸವನ್ನು ಕೈಗೆತ್ತಿಕೊಂಡಾಗ ದೊರೆಯಿತು. ನೀತಿಯನ್ನು ಪಾತ್ರಗಳ ಬಾಯಲ್ಲಿ ಹೇಳಿಸುವ ಅಗತ್ಯವಿಲ್ಲ. ದೀಪ ಹೊತ್ತಿದೊಡನೆ ಪರದೆಯೆಲ್ಲ ಬೆಳಗಿದರೆ ಸಾಕು, ಮಕ್ಕಳು ತಿಳಿದುಕೊಳ್ಳುತ್ತಾರೆ.

ತಯಾರಿಕೆಯ ವಿಷಯವಾಗಿ ಕೆಲವು ಮಾತುಗಳು. ತೊಗಲಿಗೆ ಬದಲಾಗಿ ದಪ್ಪ ಕಾಗದಕ್ಕೆ ಎಣ್ಣೆ ಸವರಿದರೆ ಬೆಳಕು ತೂರುತ್ತದೆ. ಒಡವೆಗಳ ರಂಧ್ರಗಳನ್ನು ದೊಡ್ಡವರು ಕೊರೆಯಲಿ, ಬಣ್ಣವನ್ನು ಮಕ್ಕಳು ತುಂಬಲಿ. ಬಿದಿರಿನ ಕಡ್ಡಿಯನ್ನು ಬೆನ್ನಿಗೆ ಕಟ್ಟಬೇಕು. ಒಂದೇ ಕೈ ಆಡಿದರೂ ಗೊಂಬೆಗೆ ಜೀವ ಬರುತ್ತದೆ. ಪಕ್ಕಮುಖದ ಗೊಂಬೆ ಹಿಂದಿರುಗಬೇಕಾದರೆ ಅದನ್ನು ಪೂರ್ತಿಯಾಗಿ ಮಗುಚಬೇಕು, ಆದ್ದರಿಂದ ಎರಡು ಬದಿಗೂ ಬಣ್ಣವಿರಲಿ. ಪರದೆಯ ಹಿಂದೆ ಎಣ್ಣೆಯ ದೀಪ ಬೇಡ, ವಿದ್ಯುದ್ದೀಪವೇ ಕ್ಷೇಮ. ಮುಖವಿರುವ ದೊಡ್ಡ ಗೊಂಬೆಗಳು ಬೇಕೆನಿಸಿದರೆ ಕಿನ್ನಾಳದ ದಾರಿಯಿದೆ. ಹಗುರವಾದ ಮರದ ಮೇಲೆ, ಮರದ ಹೊಟ್ಟು, ಹುಣಸೆಬೀಜದ ಅಂಟು ಮುಂತಾದವುಗಳಿಂದ ರೂಪ ಕೊಟ್ಟು ಬಣ್ಣ ಬಳಿಯುವ ಕಿನ್ನಾಳದ ಚಿತ್ರಗಾರರ ಪೂರ್ವಿಕರೇ ಹಂಪೆಯ ಚಿತ್ರಗಳನ್ನು ಬರೆದರೆಂಬ ನಂಬಿಕೆ ಈ ಪ್ರಾಂತದಲ್ಲಿದೆ. ಹುಡುಗಿಯ ಲಂಗಕ್ಕೆ ನಮ್ಮ ಸಂಡೂರಿನ ಲಂಬಾಣಿ ತಾಯಂದಿರ ಕಸೂತಿಯ ತುಂಡೊಂದು ದೊರೆತರೆ ಅವಳು ಎಲ್ಲಿಯವಳೆಂದು ಯಾರೂ ಕೇಳಬೇಕಾಗಿಲ್ಲ.

ಬಣ್ಣದ ವಿಷಯದಲ್ಲಿ ದೋಣಿಮಲೈಯ ಮಕ್ಕಳಿಗಿರುವ ಭಾಗ್ಯ ಬೇರೆಯವರಿಗೆ ದುರ್ಲಭ. ಭಿತ್ತಿಚಿತ್ರಗಳಿಗೆ ಕೆಂಪು ಬಣ್ಣ ಕೊಡುವ ಕೆಮ್ಮಣ್ಣು ಕಬ್ಬಿಣದ ಆಕ್ಸೈಡೇ. ನಮ್ಮ ಬೆಟ್ಟದಿಂದ ಅಗೆಯುವ ಹೆಮಟೈಟ್ ಅದಿರೂ ಅದೇ ಧಾತು. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಆದಿಮಾನವರು ಬರೆದ ಚಿತ್ರಗಳ ಬಣ್ಣವೂ ಕೆಮ್ಮಣ್ಣಿನದೇ. ಒಗೆದು ಒಣಹಾಕಿದ ಬಟ್ಟೆಯ ಮೇಲೆ ಬಂದು ಕೂರುವ ಕೆಂಪು ಧೂಳನ್ನು ತಾಯಂದಿರು ಎಷ್ಟು ಸಾರಿ ಶಪಿಸಿಲ್ಲ! ಆ ಕೆಂಪು ಮಣ್ಣನ್ನೇ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸಿದರೆ ಮೆರವಣಿಗೆಯ ಹಿನ್ನೆಲೆಗೆ ಬೇಕಾದ ಬಣ್ಣ ಸಿದ್ಧ. ಒಣ ಧೂಳನ್ನು ಮಕ್ಕಳು ಮೂಗಿಗೆಳೆದುಕೊಳ್ಳದಂತೆ ಮಾತ್ರ ಎಚ್ಚರ ವಹಿಸಬೇಕು. ತಂದೆ ದುಡಿಯುವ ಗಣಿಯ ಮಣ್ಣಿಗೂ ಛಾವಣಿಯ ಚಿತ್ರಕ್ಕೂ ಸಂಬಂಧವಿದೆಯೆಂದು ಕೈಯಾರೆ ಕಲಿತ ಮಗು ಆ ಎರಡನ್ನೂ ಮೊದಲಿನಂತೆ ನೋಡಲಾರದು.

ಎರಡನೆಯ ಪ್ರಶ್ನೆ ಸೂಕ್ಷ್ಮವಾದುದು. ಆ ಚಿತ್ರಗಳು ನಮ್ಮ ನೆರೆಹೊರೆಯವರ ಪೂಜಾಸ್ಥಾನದಲ್ಲಿರುವ ಚಿತ್ರಗಳು. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವಾಗ ಆ ಸ್ಥಳದ ನಿಯಮಗಳಂತೆ ನಡೆಯಬೇಕು, ಗೋಡೆ ಕಂಬಗಳನ್ನು ಮುಟ್ಟಬಾರದು, ಪೂಜೆಗೆ ಬಂದವರಿಗೆ ಅಡ್ಡಿಯಾಗಬಾರದು. ಆಟದಲ್ಲಿ ದೇವತೆಗಳ ಗೊಂಬೆಗಳನ್ನು ಮಾಡಬಾರದೆಂಬುದು ನನ್ನ ಸಲಹೆ. ಅವರು ಹಿನ್ನೆಲೆಯ ಚಿತ್ರದಲ್ಲಿಯೇ ಅಚಲವಾಗಿರಲಿ. ಪಲ್ಲಕ್ಕಿ ಹೊತ್ತವರು, ವಾದ್ಯದವರು, ಮಾವುತರು, ದೀಪದವರು ಮಾತ್ರ ಆಡಲಿ. ಮೊಸ್ಕೇನಿಯವರ ಚಿತ್ರದ ಸಂತರಿಗೆ ಯಾವ ಮರ್ಯಾದೆಯನ್ನು ಸಲ್ಲಿಸಿದೆವೋ ಅದೇ ಮರ್ಯಾದೆಯನ್ನು ಇಲ್ಲಿಯೂ ಸಲ್ಲಿಸಿದರೆ ಯಾರ ಮನಸ್ಸೂ ನೋಯದು. ಆಟದ ದಿನ ನೆರೆಯ ಬಂಧುಗಳನ್ನು ಆಹ್ವಾನಿಸಿ ಮುಂದಿನ ಸಾಲಿನಲ್ಲಿ ಕೂರಿಸಿ. ಅವರ ಕಣ್ಣೆದುರಿಗೆ ಆಡಲು ಸಂಕೋಚವಾಗುವಂಥದೇನಾದರೂ ಆಟದಲ್ಲಿದ್ದರೆ ಅದನ್ನು ಮೊದಲೇ ತೆಗೆದುಹಾಕಿ.

ಉಳಿದದ್ದು ಮೂರನೆಯ ಪ್ರಶ್ನೆ. ಇಷ್ಟು ಶ್ರಮ ಏತಕ್ಕೆ? ನಮ್ಮದು ಗಣಿಯ ಊರು. ಇಲ್ಲಿಯ ಹಲವು ಕುಟುಂಬಗಳು ನಾನಾ ಕಡೆಯಿಂದ ಬಂದವು. ವರ್ಗವಾದಾಗ, ನಿವೃತ್ತಿಯಾದಾಗ ಹೊರಟುಹೋಗುವವು. 2018ರ ನವೆಂಬರಿನಿಂದ 2021ರ ಆರಂಭದವರೆಗೆ ಇಲ್ಲಿಯ ಗಣಿಗಾರಿಕೆ ನಿಂತಿದ್ದ ದಿನಗಳನ್ನು ನೆನೆದುಕೊಳ್ಳಿ. ಊರು ತಮ್ಮ ಕಾಲ ಕೆಳಗಿನಿಂದ ಜಾರಬಹುದೆಂಬುದನ್ನು ಆಗಿನ ಮಕ್ಕಳು ದೊಡ್ಡವರ ಮುಖಗಳಲ್ಲಿ ಓದಿಕೊಂಡರು. ಇಂಥ ಊರಿನ ಮಕ್ಕಳಿಗೆ ‘ನಾನು ಎಲ್ಲಿಯವನು, ನನ್ನ ಜಾಗ ಯಾವುದು’ ಎಂಬುದು ಪುಸ್ತಕದ ಪ್ರಶ್ನೆಯಲ್ಲ. ನಮ್ಮ ಆಟದ ಹುಡುಗಿ ಅಲೆಯುವುದೂ ಅದೇ ಪ್ರಶ್ನೆಯನ್ನು ಹೊತ್ತು. ಕೊಂಡುತಂದ ಕಥೆ ಮಗುವನ್ನು ಒಂದು ಗಂಟೆ ಸುಮ್ಮನಿರಿಸುತ್ತದೆ, ನಿಜ. ಆದರೆ ತಾನು ದಿಟ್ಟಿಸಿ ನೋಡಿದ ಚಿತ್ರ, ತನ್ನ ಊರಿನ ಮಣ್ಣಿನಿಂದ ಅರೆದ ಬಣ್ಣ, ತನ್ನ ಕೈಯಲ್ಲಿ ಎದ್ದು ನಡೆದ ಗೊಂಬೆ, ಇವು ಎಲ್ಲಿಗೆ ಹೋದರೂ ಮಗುವಿನೊಂದಿಗೆ ಹೋಗುತ್ತವೆ.

ಆದಕಾರಣ ಪಾಲಕರಲ್ಲಿ ಮೂರು ವಿನಂತಿಗಳು. ಮೊದಲು ಮಕ್ಕಳನ್ನು ಹಂಪೆಗೆ ಕರೆದೊಯ್ಯಿರಿ. ಅಲ್ಲಿ ಚಿತ್ರಗಳ ಕೆಳಗೆ ಅರ್ಧ ಗಂಟೆಯಾದರೂ ಏನನ್ನೂ ವಿವರಿಸದೆ ಅವರನ್ನು ಸುಮ್ಮನೆ ನೋಡಗೊಡಿರಿ. ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿರಿ. ಆಟದ ಮಾತುಗಳು ಅಲ್ಲಿಂದಲೇ ಹುಟ್ಟಲಿ. ಎರಡನೆಯದಾಗಿ, ತೊಗಲುಗೊಂಬೆಯಾಟದ ಕುಟುಂಬವೊಂದನ್ನು ಆಹ್ವಾನಿಸಿ, ಅವರ ವಿದ್ಯೆಗೆ ತಕ್ಕ ಸಂಭಾವನೆಯನ್ನು ಕೊಟ್ಟು, ಅವರಿಂದ ಕಲಿಯಿರಿ. ಚಪ್ಪಾಳೆಯಿಂದ ಯಾರ ಒಲೆಯೂ ಉರಿಯುವುದಿಲ್ಲ. ಮೂರನೆಯದಾಗಿ, ಆಟ ಮುಗಿದ ಮೇಲೆ ಗೊಂಬೆಗಳನ್ನು ಪೆಟ್ಟಿಗೆಗೆ ಹಾಕಿ ಮರೆಯಬೇಡಿರಿ. ಮುಂದಿನ ವರ್ಷದ ಮಕ್ಕಳಿಗೆ ಅವುಗಳನ್ನು ಆಡಿಸುವುದನ್ನು ಈ ವರ್ಷದ ಮಕ್ಕಳೇ ಕಲಿಸಲಿ. ಒಂದು ನೂರು ವರ್ಷವೆಂಬುದು ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಬಂದುದೇ ಅಲ್ಲವೇ?

 ದೇವರು ನಿಮ್ಮ ಕೆಲಸವನ್ನು ಆಶೀರ್ವದಿಸಲಿ.